ಮುಟ್ಟು ನಿಲ್ಲೋ ಹೊತ್ತಲ್ಲಿ ವಿಟಮಿನ್ ಡಿ ಕಮ್ಮಿ ಬಂದ್ರೆ ಏನೇನು ಮಾಡ್ಬೇಕು

ನೆಲದ ಮೇಲೆ ಕೂತಿದ್ದೋಳು ಏಳ್ಬೇಕು ಅಂದ್ರೆ ಕೈ ತಾನಾಗೇ ಮಂಡಿ ಮೇಲೆ ಹೋಗ್ತಿತ್ತು, ಅದನ್ನ ಊರ್ಕೊಂಡು ಒಂದ್ಸಲ ಉಸಿರು ಬಿಟ್ಟು ಆಮೇಲೆ ಎದ್ದೇಳೋದು. ನಂಗೆ 46ನೇ ವಯಸ್ಸಲ್ಲಿ ಶುರುವಾಗಿದ್ದು ಹೀಗೆ. ಮೆಟ್ಲು ಹತ್ತುವಾಗ ತೊಡೆಗೆ ಕಲ್ಲು ಕಟ್ಟಿದ ಹಾಗೆ. ಅದೇ ಹೊತ್ತಿಗೆ ಮುಟ್ಟು ಬೇರೆ ಲೆಕ್ಕ ತಪ್ಪಿತ್ತು, ಒಂದ್ ತಿಂಗಳು 20 ದಿನಕ್ಕೇ ಬಂದ್ರೆ ಇನ್ನೊಂದ್ಸಲ 50 ದಿನ ಆದ್ರೂ ಪತ್ತೆ ಇಲ್ಲ, ರಾತ್ರಿ ಮೂರು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ. ಎಲ್ಲಾನೂ ಪೆರಿಮೆನೋಪಾಸ್, ಅಂದ್ರೆ ಮುಟ್ಟು ಪೂರ್ತಿ ನಿಲ್ಲೋಕೆ ಮುಂಚಿನ ವರ್ಷಗಳು, ಅದರ ತಲೆಗೆ ಕಟ್ಟಿ ಎಂಟು ತಿಂಗಳು ಸುಮ್ನಿದ್ದೆ. ಕೊನೆಗೆ ರಕ್ತ ಕೊಟ್ಟಾಗ ವಿಟಮಿನ್ ಡಿ 11, ಅಂದ್ರೆ ತೀರಾ ಕಮ್ಮಿ, ಅಂತ ಬಂತು, ಆಮೇಲೆ ನಾನು ಮಾಡಿದ ಇನ್ನೊಂದು ತಪ್ಪು ಏನಂದ್ರೆ ಎಲ್ಲಾನೂ ಡಿ ತಲೆಗೆ ಕಟ್ಟಿದ್ದು. ಈ ಎರಡು ತಪ್ಪನ್ನೂ ನೀವು ಮಾಡ್ಬಾರ್ದು ಅಂತಾನೇ ಇದನ್ನ ಬರೀತಿರೋದು.

ಮೊದ್ಲು ಒಂದು ವಿಷ್ಯ ಅರ್ಥ ಮಾಡ್ಕೊಳ್ಳಿ. ಪೆರಿಮೆನೋಪಾಸ್‌ನಿಂದಾನೇ ಡಿ ಕಮ್ಮಿ ಆಗತ್ತೆ ಅಂತೇನಿಲ್ಲ, ಬಿಸಿಲಿಗೆ ಹೋಗದೇ ಇರೋದು, ಮೈತೂಕ ಜಾಸ್ತಿ ಇರೋದು, ಮೈಬಣ್ಣ ಕಪ್ಪಿರೋದು, ಕರುಳು ಸರಿಯಾಗಿ ಹೀರಿಕೊಳ್ಳದೇ ಇರೋದು, ಹೀಗೆ ಕಾರಣ ಬೇರೆ ಬೇರೆ. ಆದ್ರೆ ಈ ವಯಸ್ಸಲ್ಲಿ ಡಿ ಕಮ್ಮಿ ಇದ್ರೆ ಪೆಟ್ಟು ಜೋರು. ಯಾಕಂದ್ರೆ ಮೂಳೆ ಸವೀದೇ ಇರೋ ಹಾಗೆ ಇಷ್ಟು ದಿನ ಕಾಯ್ತಿದ್ದಿದ್ದು ಈಸ್ಟ್ರೋಜನ್ ಅನ್ನೋ ಹೆಣ್ತನದ ಹಾರ್ಮೋನ್, ಅದು ಈಗ ಇಳೀತಾ ಬರತ್ತೆ, ಕೊನೇ ಮುಟ್ಟಿಗೆ ಸುಮಾರು ಒಂದು ವರ್ಷ ಮುಂಚೆಯಿಂದಾನೇ ಮೂಳೆ ಸವೆಯೋ ವೇಗ ಏರತ್ತೆ. ಡಿ ಇಲ್ದಿದ್ರೆ ತಿಂದ ಕ್ಯಾಲ್ಶಿಯಂ ಕರುಳಿಂದ ರಕ್ತಕ್ಕೆ ಸರಿಯಾಗಿ ಸೇರಲ್ಲ, ಆಗ ದೇಹ ಮೂಳೆಯಿಂದಾನೇ ಕ್ಯಾಲ್ಶಿಯಂ ಕಿತ್ಕೊಳತ್ತೆ. ಅಂದ್ರೆ ಎರಡೂ ಕಡೆಯಿಂದ ನಷ್ಟ.

ಟೆಸ್ಟ್ ಬಗ್ಗೆ. ಕೇಳ್ಬೇಕಾಗಿರೋದು 25 ಹೈಡ್ರಾಕ್ಸಿ ವಿಟಮಿನ್ ಡಿ. 1,25 ಅಂತ ಇನ್ನೊಂದು ಟೆಸ್ಟ್ ಇದೆ, ಅದು ಕೊರತೆ ಇದ್ದಾಗಲೂ ನಾರ್ಮಲ್ ಅಂತ ತೋರಿಸಿ ದಾರಿ ತಪ್ಸತ್ತೆ. ರಿಪೋರ್ಟ್ ಕೈಗೆ ಬಂದಾಗ ಯೂನಿಟ್ ಯಾವ್ದು ಅಂತ ನೋಡಿ, ಕೆಲವು ಲ್ಯಾಬ್ ನ್ಯಾನೋಗ್ರಾಂ (ng/mL) ಲೆಕ್ಕದಲ್ಲಿ ಕೊಡ್ತಾರೆ, ಕೆಲವು ನ್ಯಾನೋಮೋಲ್ (nmol/L) ಲೆಕ್ಕದಲ್ಲಿ, ಮೊದಲನೇದನ್ನ 2.5ರಿಂದ ಗುಣಿಸಿದ್ರೆ ಎರಡನೇದು. ಹಂಗಾಗಿ ನ್ಯಾನೋಮೋಲ್‌ನಲ್ಲಿ 40 ಅಂದ್ರೆ ಖುಷಿ ಪಡೋ ಹಾಗಿಲ್ಲ, ಅದು 16 ನ್ಯಾನೋಗ್ರಾಂ ಅಷ್ಟೇ. ನ್ಯಾನೋಗ್ರಾಂ ಲೆಕ್ಕದಲ್ಲಿ 12ಕ್ಕಿಂತ ಕೆಳಗೆ ಅಂದ್ರೆ ಖಂಡಿತ ಕೊರತೆ, 20 ದಾಟಿದ್ರೆ ಹೆಚ್ಚಿನವ್ರಿಗೆ ಮೂಳೆ ಮಟ್ಟಿಗೆ ಸಾಕು, ಕೆಲವು ಡಾಕ್ಟರ್‌ಗಳು 30 ಇರ್ಲಿ ಅಂತಾರೆ. 60, 80 ಮಾಡ್ಕೋಬೇಕು ಅನ್ನೋ ಆಸೆ ಬೇಡ. ಇನ್ನೊಂದು, ಈ ವಯಸ್ಸಲ್ಲಿ ಕೂದ್ಲು ಉದುರತ್ತೆ ಅಂತ ತುಂಬಾ ಜನ ಬಯೋಟಿನ್ ಮಾತ್ರೆ ತಗೋತಿರ್ತಾರೆ, ಅದು ಕೆಲವು ಲ್ಯಾಬ್ ವಿಧಾನಗಳಲ್ಲಿ ಡಿ ರಿಸಲ್ಟನ್ನ ಇರೋದಕ್ಕಿಂತ ಜಾಸ್ತಿ ತೋರ್ಸತ್ತೆ. ರಕ್ತ ಕೊಡೋಕೆ ಎರಡು ದಿನ ಮುಂಚೆ ನಿಲ್ಲಿಸ್ಬಹುದಾ ಅಂತ ಕೇಳ್ಕೊಳ್ಳಿ.

ರಕ್ತ ಕೊಡೋಕೆ ಹೋದಾಗ ಡಿ ಒಂದನ್ನೇ ಮಾಡಿಸ್ಬೇಡಿ. ಪೆರಿಮೆನೋಪಾಸ್‌ನಲ್ಲಿ ರಕ್ತಸ್ರಾವ ಜೋರಾಗಿ ಹೋಗಿ ಹೋಗಿ ಕಬ್ಬಿಣದಂಶ ಖಾಲಿ ಆಗಿರತ್ತೆ, ಥೈರಾಯ್ಡ್ ತೊಂದ್ರೆ ಕೂಡ ಇದೇ ವಯಸ್ಸಲ್ಲಿ ತಲೆ ಎತ್ತತ್ತೆ, ಬಿ12 ಕಮ್ಮಿ ಇದ್ರೂ ಇದೇ ಸುಸ್ತು. ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣ ತಿಳಿಯೋಕೆ ಫೆರಿಟಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಬಿ12, ಕ್ಯಾಲ್ಶಿಯಂ, ಕಿಡ್ನಿಗೆ ಕ್ರಿಯಾಟಿನಿನ್, ಇಷ್ಟೂ ಒಟ್ಟಿಗೆ ನೋಡ್ಸಿ. ನಂಗೆ ಫೆರಿಟಿನ್ ಕೂಡ ತಳ ಹಿಡಿದಿತ್ತು, ಅದು ಗೊತ್ತಾಗಿದ್ದು ಡಿ ಸರಿಹೋದ್ಮೇಲೂ ಸುಸ್ತು ಹೋಗ್ದಿದ್ದಾಗ, ಅಲ್ಲಿಗೆ ನಾಕು ತಿಂಗಳು ಕಳ್ದೋಗಿತ್ತು.

ಈಗ ಮಾತ್ರೆ. ಕೊರತೆ ಗಟ್ಟಿಯಾಗಿದ್ರೆ ಸಾಮಾನ್ಯವಾಗಿ ವಾರಕ್ಕೊಂದು 50,000 ಇಲ್ಲಾ 60,000 ಯೂನಿಟ್, ಅದೂ ಎಂಟು ವಾರದ ತನಕ ಅಂತ ಡಾಕ್ಟರ್ ಬರ್ಕೊಡ್ತಾರೆ, ಕೆಲವ್ರಿಗೆ ದಿನಾ ತಗೊಳ್ಳೋ ಚಿಕ್ಕ ಡೋಸ್ ಕೊಡ್ತಾರೆ. ವಾರಕ್ಕೊಂದು ಅನ್ನೋದನ್ನ ದಿನಕ್ಕೊಂದು ಅಂತ ತಪ್ಪು ತಿಳ್ಕೊಂಡು ನುಂಗಿ ಆಸ್ಪತ್ರೆ ಸೇರಿದವ್ರಿದಾರೆ, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ನಾನು ಡಬ್ಬಿ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಭಾನುವಾರ ಅಂತ ದಪ್ಪಕ್ಕೆ ಬರೆದು, ತಗೊಂಡ ತಕ್ಷಣ ಕ್ಯಾಲೆಂಡರ್‌ನಲ್ಲಿ ಆ ಭಾನುವಾರಕ್ಕೆ ಸುತ್ತು ಹಾಕ್ತಿದ್ದೆ. ಸುತ್ತು ಇದ್ರೆ ಆ ವಾರ ಡಬ್ಬಿ ಮುಟ್ಟೋ ಹಾಗೇ ಇಲ್ಲ. ಇದು ಕೊಬ್ಬಲ್ಲಿ ಕರಗೋ ವಿಟಮಿನ್, ಅದಕ್ಕೆ ಬೆಳಗ್ಗೆ ಖಾಲಿ ಹೊಟ್ಟೆಗೆ ನೀರಲ್ಲಿ ನುಂಗೋದಕ್ಕಿಂತ, ಎಣ್ಣೆನೋ ತುಪ್ಪಾನೋ ಇರೋ ದೊಡ್ಡ ಊಟದ ಜೊತೆ ತಗೊಂಡ್ರೆ ಮೈಗೆ ಚೆನ್ನಾಗಿ ಹತ್ತತ್ತೆ. ಸ್ಟ್ರಿಪ್ ಮೇಲೆ ಕೋಲೆಕ್ಯಾಲ್ಸಿಫೆರಾಲ್ ಅಂತ ಇದ್ಯಾ ನೋಡಿ, ಅದೇ ಡಿ3, ಡಿ2ಗಿಂತ ಅದು ಮಟ್ಟವನ್ನ ಚೆನ್ನಾಗಿ ಏರಿಸತ್ತೆ. ಕ್ಯಾಲ್ಸಿಟ್ರಿಯಾಲ್ ಅಂತಿದ್ರೆ ಅದು ಬೇರೆನೇ ಔಷಧಿ, ಮುಖ್ಯವಾಗಿ ಕಿಡ್ನಿ ತೊಂದ್ರೆ, ಪ್ಯಾರಾಥೈರಾಯ್ಡ್ ತೊಂದ್ರೆ ಇರೋವ್ರಿಗೆ ಕೊಡೋದು, ಹೆಸ್ರು ಹತ್ರ ಇದೆ ಅಂತ ಅದನ್ನ ತಗೋಬೇಡಿ.

ಕಿಡ್ನಿಯಲ್ಲಿ ಕಲ್ಲಾಗಿದ್ರೆ, ರಕ್ತದಲ್ಲಿ ಕ್ಯಾಲ್ಶಿಯಂ ಮೊದ್ಲೇ ಜಾಸ್ತಿ ಇದ್ರೆ, ಬಿಪಿಗೆ ಥಯಾಜೈಡ್ ಜಾತಿಯ ಮಾತ್ರೆ, ಹಾರ್ಟ್‌ಗೆ ಡಿಗಾಕ್ಸಿನ್, ಫಿಟ್ಸ್‌ಗೆ ಫೆನಿಟಾಯಿನ್, ಇಲ್ಲಾ ಸ್ಟೆರಾಯ್ಡ್ ತಗೋತಿದ್ರೆ ಮೊದ್ಲು ಡಾಕ್ಟರ್‌ಗೆ ಹೇಳಿ. ಮಾತ್ರೆ ಶುರು ಮಾಡಿದ್ಮೇಲೆ ವಾಕರಿಕೆ, ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ತಲೆ ಮಂಕಾಗೋದು ಇವೆಲ್ಲ ಒಟ್ಟಿಗೆ ಬಂದ್ರೆ ನಿಲ್ಲಿಸಿ ಅವತ್ತೇ ಕ್ಯಾಲ್ಶಿಯಂ ಟೆಸ್ಟ್ ಮಾಡ್ಸಿ.

ಎಂಟು ವಾರ ಆದ್ಮೇಲೆ ಏನು ಅನ್ನೋದೇ ಮುಖ್ಯ, ನಾನು ಎಡವಿದ್ದೂ ಅಲ್ಲೇ. ತೊಡೆ ಹಗುರ ಆಯ್ತು, ಕೋರ್ಸ್ ಮುಗೀತು ಅಂತ ಬಿಟ್ಬಿಟ್ಟೆ, ಆರು ತಿಂಗಳಾದ್ಮೇಲೆ ನೋಡಿದ್ರೆ ಮತ್ತೆ 16. ಯಾವ ಕಾರಣಕ್ಕೆ ಕಮ್ಮಿ ಆಗಿತ್ತೋ ಆ ಕಾರಣ ಹಾಗೇ ಇದ್ರೆ ಮಟ್ಟ ಕೆಳಗಿಳಿಯದೇ ಇನ್ನೇನಾಗತ್ತೆ? ಅದಕ್ಕೆ ಮೂರು ತಿಂಗಳ ಹೊತ್ತಿಗೆ ಮರು ಟೆಸ್ಟ್, ಆಮೇಲೆ ದಿನಾ ಎಷ್ಟು ಅಂತ ಕೇಳಿ ಬರಸ್ಕೊಳ್ಳಿ. ಕೊರತೆ ಇಲ್ದಿರೋ ದೊಡ್ಡವ್ರಿಗೆ 70 ವರ್ಷದ ತನಕ ಊಟ, ಮಾತ್ರೆ ಎಲ್ಲಾ ಸೇರಿ ದಿನಕ್ಕೆ 600 ಯೂನಿಟ್ ಬೇಕು ಅನ್ನೋದು ಲೆಕ್ಕ, ಕೊರತೆ ಆಗಿ ಸರಿಮಾಡ್ಕೊಂಡವ್ರಿಗೆ ಸಾಮಾನ್ಯವಾಗಿ 1,000ದಿಂದ 2,000 ಬರೀತಾರೆ, ಸ್ವಂತ ಬುದ್ಧಿಯಲ್ಲಿ 4,000 ದಾಟಬಾರ್ದು. ಮೈತೂಕ ಜಾಸ್ತಿ ಇದ್ರೆ ಡೋಸೂ ಜಾಸ್ತಿ ಬೇಕಾಗ್ಬಹುದು, ಅದನ್ನ ಡಾಕ್ಟರೇ ಹೇಳ್ಬೇಕು. ವರ್ಷಕ್ಕೊಂದೇ ಸಲ ದೊಡ್ಡ ಡೋಸ್ ಹಾಕ್ಸಿ ಮರ್ತುಬಿಡೋಣ ಅನ್ನೋದೂ ಬೇಡ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟಾಗ ಬೀಳೋದು, ಮೂಳೆ ಮುರಿಯೋದು ಕಮ್ಮಿ ಆಗೋ ಬದ್ಲು ಜಾಸ್ತಿ ಆಗಿತ್ತು.

ಬಿಸಿಲು ಬೇಕು, ಆದ್ರೆ ಅದನ್ನೇ ನಂಬ್ಕೊಂಡು 11ರಿಂದ ಮೇಲೆ ಬರೋದು ಕಷ್ಟ. ಚರ್ಮದಲ್ಲಿ ಡಿ ತಯಾರಾಗೋಕೆ ಬಿಸಿಲಲ್ಲಿರೋ ಯುವಿಬಿ ಅನ್ನೋ ನೇರಳಾತೀತ ಕಿರಣ ಬೇಕು, ಅದು ಕಿಟಕಿ ಗಾಜು ದಾಟಿ ಒಳಗೆ ಬರಲ್ಲ, ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸ್ಕೊಂಡ್ರೆ ಮೈ ಬೆಚ್ಚಗಾಗತ್ತೆ ಅಷ್ಟೇ. ಬೆಳಗಿನ ಎಳೆಬಿಸಿಲಲ್ಲೂ ಯುವಿಬಿ ತುಂಬಾ ಕಮ್ಮಿ. ಸುಲಭದ ಗುರುತು ಅಂದ್ರೆ ನಿಮ್ಮ ನೆರಳು, ಅದು ನಿಮ್ಮ ಎತ್ತರಕ್ಕಿಂತ ಗಿಡ್ಡ ಇದ್ದಾಗ ಮಾತ್ರ ಡಿ ಚೆನ್ನಾಗಿ ತಯಾರಾಗತ್ತೆ. ಆ ಹೊತ್ತಲ್ಲಿ ಕೈಕಾಲು ಬಿಟ್ಟು ಸ್ವಲ್ಪ ಹೊತ್ತು ನಡೆದು ಬನ್ನಿ, ಚರ್ಮ ಚುರುಗುಟ್ಟೋ ತನಕ ನಿಲ್ಬೇಡಿ, ಮುಖದ ಮೇಲೆ ಮಚ್ಚೆ, ಬಂಗು ಇದ್ರೆ ಮುಖ ಮುಚ್ಕೊಳ್ಳಿ. ಊಟದಲ್ಲಿ ಡಿ ಇರೋದು ಮುಖ್ಯವಾಗಿ ಕೊಬ್ಬಿನಂಶ ಇರೋ ಮೀನು, ಮೊಟ್ಟೆಯ ಹಳದಿ, ಡಿ ಸೇರಿಸಿದ ಹಾಲು, ಬಿಸಿಲು ತಾಗಿಸಿದ ಅಣಬೆ, ಇಂಥವುಗಳಲ್ಲಿ. ಕ್ಯಾಲ್ಶಿಯಂ ದಿನಕ್ಕೆ 50ರ ತನಕ 1,000 ಮಿಲಿಗ್ರಾಂ, ಆಮೇಲೆ 1,200, ಆದಷ್ಟೂ ಊಟದಿಂದಾನೇ ಬರ್ಲಿ.

ಡಿ ಸರಿಹೋದ್ರೆ ಏನೇನು ಸರಿಹೋಗಲ್ಲ ಅನ್ನೋದನ್ನೂ ಹೇಳ್ಬೇಕು. ಇದ್ದಕ್ಕಿದ್ದಂಗೆ ಮೈಯೆಲ್ಲಾ ಬಿಸಿಯಾಗಿ ಬೆವರು ಕಿತ್ಕೊಂಡು ಬರತ್ತಲ್ಲ, ಅದು ಡಿ ಮಾತ್ರೆಯಿಂದ ಕಮ್ಮಿ ಆಗತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ನಂದೂ ಕಮ್ಮಿ ಆಗ್ಲಿಲ್ಲ. ಅದಕ್ಕೆ ಹಾರ್ಮೋನ್ ಚಿಕಿತ್ಸೆ, ಬೇರೆ ಮಾತ್ರೆ ಎಲ್ಲಾ ಇದೆ, ಡಿ ಏರಿದ್ಮೇಲೆ ಎಲ್ಲಾ ಸರಿಹೋಗ್ಲಿ ಅಂತ ಕಾಯ್ತಾ ಕೂರ್ಬೇಡಿ, ಸ್ತ್ರೀರೋಗ ತಜ್ಞರ ಹತ್ರ ನೇರವಾಗಿ ಕೇಳಿ. 45ಕ್ಕಿಂತ ಮುಂಚೆ ಮುಟ್ಟು ನಿಂತಿದ್ರೆ, ಸಣ್ಣಗೆ ಎಡವಿ ಬಿದ್ದಿದ್ದಕ್ಕೇ ಮೂಳೆ ಮುರಿದಿದ್ರೆ, ಅಮ್ಮನಿಗೋ ಅಪ್ಪನಿಗೋ ಸೊಂಟದ ಮೂಳೆ ಮುರಿದಿದ್ರೆ ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಡೆಕ್ಸಾ ಸ್ಕ್ಯಾನ್ ಬಗ್ಗೇನೂ ಕೇಳಿ. ಆ ಮೂರು ಗಂಟೆ ಎಚ್ಚರಾನೂ ನಂಗಿನ್ನೂ ಪೂರ್ತಿ ಹೋಗಿಲ್ಲ.

ಕೊನೇದಾಗಿ ತೊಡೆಗೆ ಕೆಲ್ಸ ಕೊಡಿ. ಗಟ್ಟಿ ಕುರ್ಚಿ ತಗೊಂಡು ಗೋಡೆಗೆ ಒತ್ತಿಟ್ಟು, ಕೈ ಎದೆ ಮೇಲೆ ಕಟ್ಕೊಂಡು, ಎದ್ದು ನಿಂತು ನಿಧಾನವಾಗಿ ಕೂತ್ಕೊಳ್ಳಿ. ಮೊದ್ಲ ದಿನ ನಂಗೆ ನಾಕು ಸಲಕ್ಕೇ ತೊಡೆ ನಡುಗ್ತು. ಐದನೇ ವಾರ ಹತ್ತು ಸಲ ಆಯ್ತು, ಈಗ ನೆಲದಿಂದ ಏಳುವಾಗ ಮಂಡಿ ಹಿಡ್ಕೊಳ್ಳೋದು ನೆನಪಾಗಲ್ಲ.