ದ್ವೀಪದಿಂದ ಹಿಂದಕ್ಕೆ ಹಾಕಿದ ಲೆಕ್ಕ

ಮಾಲ್ದೀವ್ಸ್‌ಗೆ ಹೋಗಬೇಕೆಂದಿದ್ದೇವೆ ಎಂದು ಊರಿನವರು ಯಾರಾದರೂ ಬಂದರೆ, ರೆಸಾರ್ಟ್ ಯಾವುದು ಎಂದು ನಾನು ಕೇಳುವುದಿಲ್ಲ. ಅಲ್ಲಿನ ರಾಜಧಾನಿ ಮಾಲೆಯಲ್ಲಿ ವಿಮಾನ ಎಷ್ಟು ಗಂಟೆಗೆ ಇಳಿಯುತ್ತದೆ ಎಂದು ಕೇಳುತ್ತೇನೆ. ಬೆಂಗಳೂರಿನವರಿಗೆ ಇದು ಅಂಥ ದೊಡ್ಡ ಪ್ರಶ್ನೆಯಲ್ಲ. ಕಲಬುರಗಿಯಿಂದ ಹೊರಡುವವರಿಗೆ ಮಾತ್ರ ಇಡೀ ಪ್ರವಾಸ ನಿಂತಿರುವುದೇ ಇದರ ಮೇಲೆ. ನಮ್ಮ ಮನೆಯ ಬಾಗಿಲಿನಿಂದ ದ್ವೀಪದ ಮರಳಿನವರೆಗೆ ಆಟೋ, ರೈಲು, ಟ್ಯಾಕ್ಸಿ, ವಿಮಾನ, ದೋಣಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಕೊನೆಯದು ಎಷ್ಟು ಹೊತ್ತಿನವರೆಗೆ ಸಿಗುತ್ತದೆ ಎಂದು ತಿಳಿಯದೆ ಮೊದಲನೆಯದಕ್ಕೆ ಟಿಕೆಟ್ ತೆಗೆಯಬಾರದು. ಹಾಗಾಗಿ ನಾನು ದ್ವೀಪದಿಂದ ಶುರು ಮಾಡಿ ಹಿಂದಕ್ಕೆ ಲೆಕ್ಕ ಹಾಕುತ್ತಾ ಸ್ಟೇಷನ್ ರಸ್ತೆಗೆ ಬಂದೆ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಬೇಕಿತ್ತು. ನಾನು ತೊಗರಿ ಬೇಳೆಯ ಮಿಲ್ ನಡೆಸುವವನು. ಡಿಸೆಂಬರ್ ಕೊನೆಗೆ ಹೊಸ ತೊಗರಿ ಎಪಿಎಂಸಿಗೆ ಬರಲು ತೊಡಗಿದರೆ ಮಾರ್ಚ್‌ವರೆಗೆ ಊರು ಬಿಟ್ಟು ಕದಲುವ ಹಾಗಿಲ್ಲ. ಮಾಲ್ದೀವ್ಸ್‌ನಲ್ಲಿ ಆಕಾಶ ತಿಳಿಯಾಗಿ ಸಮುದ್ರ ಶಾಂತವಾಗಿರುವುದೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ನೈಋತ್ಯ ಮಾರುತದ ಕಾಲ. ನಮಗೆ ಮುಂಗಾರು ತರುವ ಗಾಳಿಯೇ ಅಲ್ಲಿಯೂ ಬೀಸುತ್ತದೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವಿನ ವಾರ ದರ ಮುಗಿಲು ಮುಟ್ಟಿರುತ್ತದೆ, ಅದರ ಮೇಲೆ ಅನೇಕ ರೆಸಾರ್ಟ್‌ಗಳು ಹಬ್ಬದ ಊಟದ ಹಣವನ್ನೂ ಕಡ್ಡಾಯವಾಗಿ ಸೇರಿಸುತ್ತವೆ. ಈಸ್ಟರ್ ಕಳೆಯುತ್ತಿದ್ದಂತೆ ಯುರೋಪಿನವರ ಸಂದಣಿ ಕರಗಿ ದರ ಇಳಿಯುತ್ತದೆ. ಮಗಳ ಪರೀಕ್ಷೆ ಮುಗಿದಿರುತ್ತದೆ, ಮಿಲ್ಲಿನ ಖರೀದಿಯ ಗದ್ದಲ ತಣ್ಣಗಾಗಿರುತ್ತದೆ, ಕಲಬುರಗಿಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿರುತ್ತದೆ. ಏಪ್ರಿಲ್ ಎಂದು ತೀರ್ಮಾನಿಸಲು ಇಷ್ಟು ಸಾಕಾಯಿತು.

ಇನ್ನು ದ್ವೀಪ. ಆ ದೇಶದಲ್ಲಿ ಸಾವಿರದ ಇನ್ನೂರರಷ್ಟು ಹವಳದ ದ್ವೀಪಗಳಿವೆ, ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದು 1972ರಲ್ಲಿ ಮೊದಲ ರೆಸಾರ್ಟ್ ತೆರೆದಾಗಿನಿಂದ ನಡೆದುಬಂದ ಪದ್ಧತಿ. ವೆಲಾನಾ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ಮಾಲೆಯ ಪಕ್ಕದ ಹುಲುಲೆ ಎಂಬ ಬೇರೆಯೇ ದ್ವೀಪದಲ್ಲಿ. ಅಲ್ಲಿಂದ ಮುಂದಕ್ಕೆ ಹತ್ತಿರದ ದ್ವೀಪಗಳಿಗೆ ಸ್ಪೀಡ್‌ಬೋಟ್, ದೂರದವಕ್ಕೆ ನೀರಿನ ಮೇಲೆ ಇಳಿಯುವ ಸೀಪ್ಲೇನ್, ಇನ್ನೂ ದೂರಕ್ಕೆ ದೇಶದೊಳಗಿನ ವಿಮಾನ ಮತ್ತು ದೋಣಿ. ಜಾಹೀರಾತುಗಳಲ್ಲಿ ಕಣ್ಣು ಕುಕ್ಕುವುದು ಸೀಪ್ಲೇನ್. ಹದಿನೈದು ಮಂದಿ ಹಿಡಿಸುವ ಪುಟ್ಟ ಟ್ವಿನ್ ಆಟರ್, ಬರಿಗಾಲಿನ ಪೈಲಟ್, ಕೆಳಗೆ ನೀಲಿ ಬಳೆಗಳಂತೆ ಹರಡಿದ ದ್ವೀಪಗಳು. ಆದರೆ ಅದು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಮಧ್ಯಾಹ್ನ ಮೂರೂವರೆಯ ನಂತರ ಇಳಿದರೆ ಆ ದಿನದ ಸೀಪ್ಲೇನ್ ಕೈತಪ್ಪಿತೆಂದೇ ತಿಳಿಯಬೇಕು. ಆ ರಾತ್ರಿ ಮಾಲೆಯಲ್ಲೋ ಹತ್ತಿರದ ಹುಲುಮಾಲೆ ದ್ವೀಪದಲ್ಲೋ ಕೋಣೆ ಹಿಡಿಯಬೇಕು. ರೆಸಾರ್ಟ್‌ನಲ್ಲಿ ಆ ರಾತ್ರಿಗೆ ಕೊಟ್ಟ ಹಣ ಹೋದಂತೆಯೇ. ಸಾಮಾನಿನ ಮಿತಿಯೂ ಬಿಗಿ: ಸಾಮಾನ್ಯವಾಗಿ 20 ಕಿಲೋ, ಕೈಚೀಲಕ್ಕೆ 5 ಕಿಲೋ. ಹೋಗಿಬರಲು ಒಬ್ಬರಿಗೆ ನಾನ್ನೂರರಿಂದ ಆರುನೂರು ಡಾಲರ್.

ನಾನು ಸ್ಪೀಡ್‌ಬೋಟ್ ದ್ವೀಪವನ್ನೇ ಆರಿಸಿಕೊಂಡೆ. ಮಾಲೆಯಿಂದ ಮುಕ್ಕಾಲು ಗಂಟೆಯೊಳಗೆ ಸಿಗುವ, ದಕ್ಷಿಣ ಮಾಲೆ ಅಟಾಲ್‌ನ, ಎಂದರೆ ಉಂಗುರದಂತೆ ಸುತ್ತಿಕೊಂಡ ಹವಳದ ದ್ವೀಪಗಳ ಗುಂಪಿನ, ಒಂದು ದ್ವೀಪ. ದೋಣಿ ಕತ್ತಲಾದ ಮೇಲೂ ಓಡುತ್ತದೆ. ದೂರದ ದ್ವೀಪದಲ್ಲಿ ಏಕಾಂತ ಹೆಚ್ಚು ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದೂವರೆ ದಿನ ದಾರಿಯಲ್ಲೇ ಕಳೆದು ಬಂದ ಕುಟುಂಬಕ್ಕೆ ಇನ್ನೂ ಎರಡು ಮೂರು ಗಂಟೆ ಲೌಂಜಿನಲ್ಲಿ ಕೂಡಿಸಿಕೊಂಡು ಕೊಡುವ ಏಕಾಂತ ನನಗೆ ಬೇಕಿರಲಿಲ್ಲ. ಅವ್ವ, ಹೆಂಡತಿ, ಮಗಳು, ನಾನು, ಹೀಗೆ ನಾಲ್ವರ ಸೀಪ್ಲೇನ್ ಹಣ ಉಳಿಯಿತು, ಅದರಲ್ಲಿ ಒಳ್ಳೆಯ ಕೋಣೆಯೇ ಬಂತು.

ದರದ ವಿಷಯಕ್ಕೆ ಬರುತ್ತೇನೆ. ಏಜೆಂಟರು ಹೇಳುವ ದರದ ಪಕ್ಕದಲ್ಲಿ ಎರಡು ಪುಟ್ಟ ಕೂಡುವ ಚಿಹ್ನೆಗಳಿರುತ್ತವೆ, ಅದನ್ನು ‘ಪ್ಲಸ್ ಪ್ಲಸ್’ ಎನ್ನುತ್ತಾರೆ. ಅಡತಿ ಅಂಗಡಿಯಲ್ಲಿ ಕ್ವಿಂಟಲ್ ತೊಗರಿಗೆ ಕೂಗಿದ ದರ ಒಂದು, ದಲಾಲಿ, ಹಮಾಲಿ, ತೂಕ, ಲಾರಿ ಬಾಡಿಗೆ ಎಲ್ಲ ಕೂಡಿ ಮಿಲ್ ಬಾಗಿಲಿಗೆ ಬೀಳುವ ದರವೇ ಇನ್ನೊಂದು, ಇಲ್ಲಿಯೂ ಹಾಗೆಯೇ. ರಾತ್ರಿಗೆ 600 ಡಾಲರ್ ಪ್ಲಸ್ ಪ್ಲಸ್ ಎಂದರೆ ಮೊದಲು ಶೇ 10 ಸೇವಾ ಶುಲ್ಕ ಸೇರಿ 660 ಆಗುತ್ತದೆ. ಆ 660ರ ಮೇಲೆ ಶೇ 17 ಪ್ರವಾಸೋದ್ಯಮ ಜಿಎಸ್‌ಟಿ. 2025ರ ಜುಲೈಗೆ ಮೊದಲು ಅದು ಶೇ 16 ಇತ್ತು. ಅಲ್ಲಿಗೆ 772 ಡಾಲರ್ ದಾಟಿತು. ಇದರ ಮೇಲೆ ಹಸಿರು ತೆರಿಗೆ: ರೆಸಾರ್ಟ್‌ನಲ್ಲಿ ತಲೆಗೆ, ರಾತ್ರಿಗೆ 12 ಡಾಲರ್. 2025ರ ಜನವರಿಯಲ್ಲಿ ಅದು ಆರರಿಂದ ಹನ್ನೆರಡಕ್ಕೆ ಏರಿತು, ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ವಿನಾಯಿತಿ. ನಾಲ್ವರಿಗೆ 48 ಡಾಲರ್ ಸೇರಿಸಿದರೆ ಆರುನೂರು ಎಂದದ್ದು 820 ಆಯಿತು, ಅದೂ ಊಟ ಮತ್ತು ದೋಣಿಯ ಮಾತೇ ಬರದೆ. ಹೀಗಾಗಿ ಎಲ್ಲ ಏಜೆಂಟರಿಗೂ ನಾನು ಹಾಕಿದ ಪ್ರಶ್ನೆ ಒಂದೇ: ಎಲ್ಲ ತೆರಿಗೆ, ದೋಣಿ, ಊಟ ಸೇರಿ ನಾಲ್ವರಿಗೆ ಒಟ್ಟು ಎಷ್ಟು? ಬಾಯಿಮಾತು ಬೇಡ, ಕಾಗದದಲ್ಲಿ ಬರೆದು ಕೊಡಿ. ಕೆಲವರು ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ರೆಸಾರ್ಟ್‌ನ ಸ್ವಂತ ಜಾಲತಾಣವೇ ಅಗ್ಗ ಎಂಬ ನಂಬಿಕೆ ಹಲವರಿಗಿದೆ. ನನ್ನ ಮಟ್ಟಿಗೆ ಅದು ನಿಜವಾಗಲಿಲ್ಲ. ಸಗಟು ದರದಲ್ಲಿ ಕೋಣೆ ಹಿಡಿದಿಟ್ಟ ಏಜೆಂಟರೊಬ್ಬರು ದೋಣಿ ಮತ್ತು ಎರಡು ಹೊತ್ತಿನ ಊಟ ಸೇರಿಸಿ ಕೊಟ್ಟ ಮೊತ್ತ ಕಡಿಮೆ ಬಂತು. ವಿದೇಶ ಪ್ರವಾಸದ ಪ್ಯಾಕೇಜ್ ಮೇಲೆ ಅವರು ಟಿಸಿಎಸ್, ಅಂದರೆ ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ, ಹಿಡಿದುಕೊಳ್ಳುತ್ತಾರೆ. ಅದು ಹೋದ ಹಣವಲ್ಲ, ಪ್ಯಾನ್ ಸಂಖ್ಯೆಯ ಮೇಲೆ ಜಮಾ ಆಗಿರುತ್ತದೆ, ರಿಟರ್ನ್ ಸಲ್ಲಿಸುವಾಗ ಕೊಡಬೇಕಾದ ತೆರಿಗೆಯಲ್ಲಿ ವಜಾ ಆಗುತ್ತದೆ. ಆದರೆ ಅಲ್ಲಿಯವರೆಗೆ ಕೈಯಿಂದ ಹೊರಗೆ ಇರುವ ಹಣವಾದ್ದರಿಂದ ಬಜೆಟ್‌ನಲ್ಲಿ ಅದಕ್ಕೂ ಜಾಗ ಬಿಡಬೇಕು.

ಈಗ ಹಿಂದಕ್ಕೆ, ನಮ್ಮ ಊರಿನ ಕಡೆಗೆ. ಕಲಬುರಗಿಯಲ್ಲಿ 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆದರೆ ಇಲ್ಲಿಂದ ಹಾರುವ ವಿಮಾನಗಳು ಒಂದು ಹಂಗಾಮಿನಲ್ಲಿದ್ದು ಇನ್ನೊಂದರಲ್ಲಿ ಇಲ್ಲವಾಗುವುದನ್ನು ನೋಡಿದವನಾದ್ದರಿಂದ, ತಿಂಗಳುಗಟ್ಟಲೆ ಮುಂಚೆ ಹಾಕುವ ಯೋಜನೆಗೆ ಅದನ್ನು ನೆಚ್ಚಲಿಲ್ಲ. ಉಳಿದದ್ದು ಎರಡು ದಾರಿ. ಒಂದು, ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ ಹಾದು ಹೊರವರ್ತುಲ ರಸ್ತೆಯಲ್ಲಿ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ. ಹೈದರಾಬಾದ್ ನಗರದೊಳಗೆ ಕಾಲಿಡುವ ಅಗತ್ಯವೇ ಇಲ್ಲ. ಸ್ವಂತ ಕಾರಿದ್ದವರಿಗೆ ಇದು ಸುಖದ ದಾರಿ, ಮುಂದೆ ವಿಮಾನ ಬದಲಿಸಬೇಕಾಗಿ ಬಂದರೆ ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸಬೇಕು ಅಷ್ಟೆ. ಬೇರೆ ಬೇರೆ ಟಿಕೆಟ್ ತೆಗೆದು ಮೊದಲ ವಿಮಾನ ತಡವಾದರೆ ಎರಡನೆಯವರು ನಮ್ಮನ್ನು ಕೇಳುವುದೇ ಇಲ್ಲ. ಇನ್ನೊಂದು ಬೆಂಗಳೂರು, ಅಲ್ಲಿಂದ ಮಾಲೆಗೆ ನೇರ ವಿಮಾನ, ಎರಡು ಗಂಟೆಯ ಆಸುಪಾಸು. ನಾನು ಬೆಂಗಳೂರನ್ನೇ ಹಿಡಿದೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಅದು ಯಲಹಂಕದಲ್ಲಿ ನಿಲ್ಲುತ್ತದೆ. ನಮ್ಮವರು ಅಭ್ಯಾಸಬಲದಿಂದ ಮೆಜೆಸ್ಟಿಕ್‌ವರೆಗೆ ಹೋಗಿ, ಬೆಳಗಿನ ದಟ್ಟಣೆಯಲ್ಲಿ ಮತ್ತೆ ಅದೇ ಯಲಹಂಕದ ಮೇಲೆಯೇ ದೇವನಹಳ್ಳಿಗೆ ಬರುತ್ತಾರೆ. ಯಲಹಂಕದಲ್ಲಿ ಇಳಿದರೆ ವಿಮಾನ ನಿಲ್ದಾಣ ಹತ್ತಿರ. ರೈಲು ತಡವಾಗುವುದನ್ನೂ ಲೆಕ್ಕಕ್ಕೆ ಹಿಡಿದು, ವಿಮಾನದ ಹಿಂದಿನ ದಿನವೇ ಬೆಂಗಳೂರು ತಲುಪಿ ದೇವನಹಳ್ಳಿ ಕಡೆಯೇ ಒಂದು ರಾತ್ರಿ ಉಳಿದೆವು. ಆ ಹೋಟೆಲಿನ ಬಿಲ್ಲನ್ನು ನಾನು ವಿಮೆಯ ಕಂತೆಂದೇ ಬರೆದುಕೊಂಡಿದ್ದೇನೆ.

ಕೋಣೆಯ ಆಯ್ಕೆಯಲ್ಲಿ ಅವ್ವನದೇ ಕೊನೆಯ ಮಾತಾಯಿತು. ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ವಿಲ್ಲಾದ ಚಿತ್ರವನ್ನು ಮೊಬೈಲ್‌ನಲ್ಲಿ ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ರಾತ್ರಿ ಏನಾದರೂ ಆದರೆ ಓಡಿ ಹೋಗಲು ಇಲ್ಲಿ ನೆಲ ಎಲ್ಲಿದೆ, ತಮ್ಮಾ?” ಎಂದಳು. ಅವಳ ಪ್ರಶ್ನೆಯಲ್ಲಿ ಹುರುಳಿತ್ತು. ನೀರಿಗೆ ಇಳಿಯುವ ಮೆಟ್ಟಿಲುಗಳಿಗೆ ಬಾಗಿಲು ಇರುವುದಿಲ್ಲ, ಊಟದ ಮನೆಗೆ ಉದ್ದನೆಯ ಮರದ ಸೇತುವೆ ನಡೆಯಬೇಕು, ಚಿಕ್ಕ ಮಕ್ಕಳಿಗೆ ಎಷ್ಟೋ ರೆಸಾರ್ಟ್‌ಗಳು ಅಂಥ ಕೋಣೆ ಕೊಡುವುದೇ ಇಲ್ಲ. ನಾವು ಎರಡು ಮಲಗುವ ಕೋಣೆಯ ದಡದ ವಿಲ್ಲಾ ತೆಗೆದುಕೊಂಡೆವು. ಬಾಗಿಲು ತೆರೆದರೆ ಮರಳು, ತೆಂಗಿನ ನೆರಳು, ಹತ್ತು ಹೆಜ್ಜೆಗೆ ನೀರು. ದರವೂ ಕಡಿಮೆ.

ಚಿತ್ರಗಳನ್ನು ನಂಬದೆ ನಾನು ನೋಡಿದ್ದು ಉಪಗ್ರಹ ನಕ್ಷೆ. ಇದನ್ನು ಯಾರೂ ಬಿಡಬಾರದು. ದ್ವೀಪವನ್ನು ಮೇಲಿನಿಂದ ದೊಡ್ಡದಾಗಿ ಮಾಡಿ ನೋಡಿದರೆ ದಡದ ಸುತ್ತ ತಿಳಿನೀಲಿ ಬಣ್ಣ ಕಾಣುತ್ತದೆ. ಅದು ಸೊಂಟದ ಮಟ್ಟದ, ಮರಳಿನ ತಳದ ಲಗೂನ್. ಅದರಾಚೆಗೆ ಕಂದುಬಣ್ಣದ ಪಟ್ಟಿಯೊಂದು, ಅದರ ಅಂಚಿನಲ್ಲಿ ನೀಲಿ ಒಮ್ಮೆಲೇ ಕಪ್ಪಾಗುವ ಜಾಗ. ಕಂದು ಪಟ್ಟಿಯೇ ಹವಳದ ದಿಬ್ಬ. ಮೀನು, ಆಮೆ ಎಲ್ಲ ಇರುವುದು ಆ ಅಂಚಿನಲ್ಲಿ. ಪಟ್ಟಿ ದಡಕ್ಕೆ ಹತ್ತಿರವಿದ್ದರೆ ಈಜಿಕೊಂಡೇ ಹೋಗಬಹುದು, ದೂರವಿದ್ದರೆ ಪ್ರತಿ ಬಾರಿಯೂ ದೋಣಿಗೆ ಹಣ ಕೊಡಬೇಕು. ನಮ್ಮ ಕಡೆ ಈಜು ಬಲ್ಲವರು ಕಡಿಮೆ. ನನಗೂ ನನ್ನ ಹೆಂಡತಿಗೂ ಬಾರದು, ಮಗಳು ಮಾತ್ರ ಕಲಿತಿದ್ದಾಳೆ. ಹಾಗಾಗಿ ಒಂದು ಬದಿಗೆ ಅಗಲವಾದ ಲಗೂನ್, ಇನ್ನೊಂದು ಬದಿಗೆ ಹತ್ತಿರದ ಹವಳ ಇರುವ ದ್ವೀಪವನ್ನೇ ಹುಡುಕಿದೆ. ಜೀವರಕ್ಷಕ ಜಾಕೆಟ್ ಹಾಕಿಕೊಂಡು, ತಲೆ ನೀರಿನೊಳಗೆ ಇಟ್ಟು, ಹಳದಿ ಪಟ್ಟೆಯ ಮೀನುಗಳ ಹಿಂಡು ಮೂಗಿನ ಮುಂದೆ ತಿರುಗಿದ್ದನ್ನು ಕಂಡ ಮೇಲೆ ನನ್ನ ಹೆಂಡತಿಯನ್ನು ಊಟಕ್ಕೆ ಎಬ್ಬಿಸಿಕೊಂಡು ಬರುವುದೇ ಕಷ್ಟವಾಯಿತು.

ಕಾಗದಪತ್ರ ಹೆಚ್ಚಿಲ್ಲ. ಭಾರತೀಯರು ಮುಂಚಿತವಾಗಿ ವೀಸಾ ಪಡೆಯಬೇಕಿಲ್ಲ, ಇಳಿದಾಗ ಉಚಿತವಾಗಿ ಕೊಡುತ್ತಾರೆ. ಮರಳುವ ಟಿಕೆಟ್ ಮತ್ತು ಕೋಣೆ ಕಾದಿರಿಸಿದ ಪತ್ರ ಕೈಯಲ್ಲಿರಬೇಕು. ಇಮುಗಾ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಯಾಣಕ್ಕೆ ಮುಂಚಿನ 96 ಗಂಟೆಗಳೊಳಗೆ ಒಂದು ಘೋಷಣೆ ತುಂಬಬೇಕು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ತಾಣ ಕಂಡರೆ ಅದು ಬೇರೆಯವರದು. ಮದ್ಯ, ಹಂದಿಮಾಂಸ ಒಯ್ಯುವ ಹಾಗಿಲ್ಲ, ಪೂಜೆಯ ವಿಗ್ರಹಗಳೂ ನಿಷೇಧದ ಪಟ್ಟಿಯಲ್ಲಿವೆ. ಅವ್ವ ಎಲ್ಲಿಗೆ ಹೋದರೂ ಜೊತೆಗೆ ಒಯ್ಯುವ ಹಿತ್ತಾಳೆಯ ಗಣಪ ಈ ಬಾರಿ ದೇವರ ಜಗಲಿಯ ಮೇಲೆಯೇ ಉಳಿದ. ಅವಳ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸದೆ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಇಟ್ಟೆ.

ಊಟದ ಚಿಂತೆ ನನಗೆ ಎಲ್ಲಕ್ಕಿಂತ ಹೆಚ್ಚಿತ್ತು. ಮೀನು ಮತ್ತು ತೆಂಗು ಬಿಟ್ಟರೆ ಆ ದ್ವೀಪಗಳಲ್ಲಿ ತಟ್ಟೆಗೆ ಬರುವುದೆಲ್ಲ ಬಹುಮಟ್ಟಿಗೆ ಹೊರಗಿನಿಂದ ಬಂದದ್ದು. ಬಿಡಿಯಾಗಿ ಊಟಕ್ಕೆ ಕೂತರೆ ಬಿಲ್ಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಳಗಿನ ತಿಂಡಿ ಮತ್ತು ರಾತ್ರಿಯೂಟ ಸೇರಿದ ಹಾಫ್ ಬೋರ್ಡ್ ನಮಗೆ ಸರಿಹೋಯಿತು. ಕುಡಿಯದ ಕುಟುಂಬಕ್ಕೆ ಮದ್ಯವೂ ಸೇರಿದ ಆಲ್ ಇನ್‌ಕ್ಲೂಸಿವ್ ದಂಡ. ‘ಸಸ್ಯಾಹಾರಿ’ ಎಂದಷ್ಟೇ ಬರೆದರೆ ಸಾಲದೆಂದು, ಮೀನಿಲ್ಲ, ಮೊಟ್ಟೆಯಿಲ್ಲ, ಮೀನಿನ ಸಾರೂ ಇಲ್ಲ ಎಂದು ಬಿಡಿಬಿಡಿಯಾಗಿ ಇಮೇಲ್ ಮಾಡಿದ್ದೆ. ಅಡುಗೆಮನೆಯಲ್ಲಿ ಭಾರತದ ಬಾಣಸಿಗರಿದ್ದರು, ಬೇಳೆಯೂ ಇತ್ತು. ಒಗ್ಗರಣೆ ಮಾತ್ರ ನಮ್ಮದಲ್ಲ. ಬೆಳಿಗ್ಗೆ ಅಲ್ಲಿನವರು ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿಯ ಜೊತೆ ಟ್ಯೂನಾ ಮೀನು ಕಲಸಿದ ಮಾಸ್ ಹುನಿ ತಿನ್ನುತ್ತಾರೆ, ಅದರ ಜೊತೆಗೆ ಚಪಾತಿಯಂಥ ರೋಶಿ. ಅವ್ವ ಮೀನಿನ ಬಟ್ಟಲನ್ನು ದೂರ ಸರಿಸಿ ರೋಶಿಗೆ ಶೇಂಗಾ ಹಿಂಡಿ ಹಚ್ಚಿಕೊಂಡಳು. ಮನೆಯಿಂದ ತಂದ ಖಡಕ್ ರೊಟ್ಟಿಯ ಗತಿ ಬೇರೆಯಾಯಿತು. ಕಲಬುರಗಿಯ ಒಣಹವೆಯಲ್ಲಿ ಬಟ್ಟೆ ಸುತ್ತಿಟ್ಟರೆ ವಾರಗಟ್ಟಲೆ ಮುರಿದರೆ ಸದ್ದಾಗುವ ರೊಟ್ಟಿ, ಅಲ್ಲಿ ಒಂದೇ ರಾತ್ರಿಗೆ ಮೆತ್ತಗಾಗಿ ಮಡಚಿಕೊಂಡಿತು. ಮಗಳು ಅದನ್ನು ಬಾಲ್ಕನಿಯ ಬಿಸಿಲಿಗೆ ಒಣಹಾಕಿದಳು. ಎರಡು ಕಾಗೆಗಳು ಬಂದು ಲೆಕ್ಕ ಚುಕ್ತಾ ಮಾಡಿದವು. ಒಯ್ಯುವುದಾದರೆ ಗಾಳಿಯಾಡದ ಡಬ್ಬಿಯಲ್ಲಿ, ದಿನಕ್ಕೊಂದರಂತೆ ಬೇರೆ ಬೇರೆ ಪೊಟ್ಟಣ ಕಟ್ಟಿ ಒಯ್ಯಬೇಕು.

ಮರಳುವ ದಿನ ಗಡಿಯಾರದ ಮೇಲೆ ಕಣ್ಣಿರಲಿ. ಮಾಲೆಯ ಸಮಯ ನಮಗಿಂತ ಅರ್ಧ ಗಂಟೆ ಹಿಂದೆ. ಆದರೆ ಸಂಜೆಯ ಬೆಳಕು ಹೆಚ್ಚು ಸಿಗಲೆಂದು ಕೆಲವು ರೆಸಾರ್ಟ್‌ಗಳು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದಿಟ್ಟಿರುತ್ತವೆ. ದೋಣಿ ಹೊರಡುವುದು ದ್ವೀಪದ ಸಮಯಕ್ಕೆ, ವಿಮಾನ ಮಾಲೆಯ ಸಮಯಕ್ಕೆ, ಕೈಯಲ್ಲಿರುವ ಗಡಿಯಾರ ಕಲಬುರಗಿಯ ಸಮಯಕ್ಕೆ. ದೋಣಿಯ ಸಮಯವನ್ನು ಯಾವ ಗಡಿಯಾರದ್ದೆಂದು ಸ್ವಾಗತದ ಮೇಜಿನಲ್ಲಿ ಕೇಳಿ ಬರೆಸಿಕೊಂಡೆ. ಚಿಪ್ಪು, ಹವಳದ ಚೂರು ಏನನ್ನೂ ಚೀಲಕ್ಕೆ ಹಾಕಬೇಡ ಎಂದು ಮಗಳಿಗೂ ಹೇಳಿದ್ದೆ. ಹವಳವನ್ನು ದೇಶದಿಂದ ಹೊರಗೆ ಒಯ್ಯುವುದು ಅಲ್ಲಿ ಅಪರಾಧ.

ಮುಂದಿನ ಸಲ ಮಳೆಗಾಲದಲ್ಲೇ ಹೋಗುವ ಯೋಚನೆಯಿದೆ. ಜೂನ್‌ನಿಂದ ನವೆಂಬರ್‌ವರೆಗೆ ಬಾ ಅಟಾಲ್‌ನ ಹನಿಫಾರು ಕೊಲ್ಲಿಗೆ ಮಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನುಗಳು ಆಹಾರಕ್ಕಾಗಿ ಗುಂಪುಗೂಡಿ ಬರುತ್ತವೆ. ಆ ಅಟಾಲ್ 2011ರಿಂದ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶ. ಸಿಲಿಂಡರ್ ಕಟ್ಟಿಕೊಂಡು ಅಲ್ಲಿ ಮುಳುಗುವ ಹಾಗಿಲ್ಲ, ಮೇಲೆ ತೇಲುತ್ತಾ ನೋಡಬೇಕು. ಆಗಸ್ಟ್‌ನಲ್ಲಿ ದರ ಕಡಿಮೆ, ನಮ್ಮ ಮಿಲ್ಲಿನಲ್ಲೂ ಕೆಲಸ ಕಡಿಮೆ. ಆದರೆ ಅಲ್ಲಿನ ರೆಸಾರ್ಟ್‌ಗಳಿಗೆ ಬಹುಮಟ್ಟಿಗೆ ಸೀಪ್ಲೇನ್ ಇಲ್ಲವೇ ದೇಶದೊಳಗಿನ ವಿಮಾನವೇ ದಾರಿ. ಮಗಳಂತೂ ಈಗಲೇ ಸಿದ್ಧ. ಅವ್ವನಿಗೆ ನೀರಿನ ಮೇಲೆ ಇಳಿಯುವ ವಿಮಾನದ ವಿಷಯ ಇನ್ನೂ ಹೇಳಿಲ್ಲ.