ಕಲಾವಿದರನ್ನು ಧ್ಯಾನಕ್ಕೆ ಕರೆಯುವ ಕೆಲಸ: ನನ್ನ ಅನುಭವ

ಬೆಂಗಳೂರಿನ ಒಂದು ಹೊಸ ಆಧ್ಯಾತ್ಮಿಕ ಸಂಸ್ಥೆಯಲ್ಲಿ ನಾನು ಸ್ವಯಂಸೇವಕ. ಹೆಸರು ಇಲ್ಲಿ ಬೇಡ. ಸಿನಿಮಾ, ಸೀರಿಯಲ್, ಸಂಗೀತದವರನ್ನು ಕರೆತರುವುದು ನನ್ನ ಪಾಲಿನ ಸೇವೆ.

ಕಮಿಟಿಯವರು ಮೊದಲೇ ಒಂದು ಪಟ್ಟಿ ಕೊಟ್ಟರು. ಎಲ್ಲಾ ದೊಡ್ಡ ಹೀರೋಗಳೇ! ಪಟ್ಟಿ ಹಿಡಿದು ಬೇಟೆಗೆ ಹೊರಡೋದು ಹೊಸದೇನಲ್ಲ ಬಿಡಿ. 1955ರಲ್ಲಿ ಅಮೆರಿಕದ ಸೈಂಟಾಲಜಿ ಎಂಬ ಹೊಸ ಧಾರ್ಮಿಕ ಪಂಥದವರು ತಮ್ಮ ಪತ್ರಿಕೆಯಲ್ಲೇ ಇಂಥ ಪಟ್ಟಿ ಹಾಕಿದ್ದರು. ಅದರಲ್ಲಿ ಲೇಖಕ ಹೆಮಿಂಗ್ವೇ, ವಾಲ್ಟ್ ಡಿಸ್ನಿ, ನಟಿ ಗ್ರೇಟಾ ಗಾರ್ಬೊ ಎಲ್ಲಾ ಇದ್ದರು. ಒಬ್ಬರನ್ನು ಕರೆತಂದರೆ ಬಹುಮಾನವಾಗಿ ಒಂದು ಪುಟ್ಟ ಫಲಕ. 1969ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಲಾವಿದರಿಗೆಂದೇ ಸೆಲೆಬ್ರಿಟಿ ಸೆಂಟರ್ ತೆರೆದರು.

ನನಗೆ ಆ ದಾರಿ ಒಗ್ಗಲಿಲ್ಲ. ಹೀರೋಗಳ ಮ್ಯಾನೇಜರ್‌ಗಳು ಹೇಗೂ "ನೋಡೋಣ ಸರ್" ಅಂತಲೇ ಫೋನ್ ಇಡುತ್ತಾರೆ. ನಾನು ಹಿಡಿದದ್ದು ಮೇಕಪ್‌ನವರನ್ನು. ಕಲಾವಿದರ ಬೆನ್ನುನೋವು, ನಿದ್ದೆಗೆಟ್ಟ ಕಣ್ಣು, ಮುಗಿದುಹೋದ ಸೀರಿಯಲ್ಲಿನ ಚಿಂತೆ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲ್ಲ. ಅವರೇ ಮೊದಲು ಧ್ಯಾನಕ್ಕೆ ಬಂದರು. ಆಮೇಲೆ "ಮೇಡಂ, ಒಂದ್ಸಲ ಬನ್ನಿ, ಯಾರೂ ಫೋಟೋ ಕೇಳಲ್ಲ" ಅಂತ ಅವರೇ ಕರೆತಂದರು.

ಆ ಮಾತು ಉಳಿಸಿಕೊಳ್ಳೋದೇ ದೊಡ್ಡ ಕೆಲಸ. ಹಾಲ್‌ನ ಬಾಗಿಲಲ್ಲೇ ಎಲ್ಲರ ಮೊಬೈಲ್ ತೆಗೆದಿಡಿಸುತ್ತೇನೆ, ಟ್ರಸ್ಟಿಗಳದ್ದೂ ಸೇರಿ. (ಮೊದಲು ಮುನಿಸಿಕೊಂಡವರು ಅವರೇ.) ಮುಂದಿನ ಸಾಲಿನ ಕುರ್ಚಿ, ಶಾಲು, ಹಾರ ಯಾವುದೂ ಇಲ್ಲ. ಫ್ಲೆಕ್ಸ್‌ನಲ್ಲಿ ಮುಖ ಹಾಕಬೇಕೆಂದರೆ ಬರಹದಲ್ಲಿ ಒಪ್ಪಿಗೆ ಬೇಕು. ಎಷ್ಟೋ ಜನರಿಗೆ ಜಾಹೀರಾತು ಕಂಪನಿಗಳ ಜೊತೆ ಕರಾರು ಇರುತ್ತದೆ. ನಾವು ಸುಮ್ನೆ ಹಾಕಿದ ಒಂದು ಫೋಟೋ ಅವರಿಗೆ ತಲೆನೋವಾಗಬಹುದು.

ಹಾಡಿಸಿದರೆ ದುಡ್ಡು ಕೊಡಿಸುತ್ತೇನೆ. ಈ ವಿಷಯಕ್ಕೆ ಕಮಿಟಿಯಲ್ಲಿ ಜಾಸ್ತಿ ಜಗಳವಾಗಿದೆ. "ಸೇವೆ ಅಲ್ವಾ?" ಅನ್ನುತ್ತಾರೆ. ಗಾಯಕರಿಗೆ ಸೇವೆ ಇರಬಹುದು. ಪಕ್ಕದಲ್ಲಿ ಕೂತ ತಬಲಾದವರಿಗೆ, ಕೀಬೋರ್ಡ್‌ನವರಿಗೆ ಅದು ಆ ದಿನದ ದುಡಿಮೆ.

ಕಮಿಟಿಯವರು ಮಾತೆತ್ತಿದರೆ ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್ ಉದಾಹರಣೆ ಕೊಡುತ್ತಾರೆ. 1968ರಲ್ಲಿ ಅವರು ಋಷಿಕೇಶಕ್ಕೆ, ಮಹರ್ಷಿ ಮಹೇಶ್ ಯೋಗಿಗಳ ಆಶ್ರಮಕ್ಕೆ ಬಂದರು, ಲೋಕವೇ ತಿರುಗಿ ನೋಡಿತು, ನಿಜ. ಆದರೆ ಅವರಲ್ಲಿ ರಿಂಗೋ ಸ್ಟಾರ್ ಬೇಗನೇ ಊರಿಗೆ ಹೊರಟರು. ಜಾನ್ ಲೆನನ್ ಆಮೇಲೆ ಮನಸ್ತಾಪ ಮಾಡಿಕೊಂಡು ಹೋದರು. ಅದೇ ತಂಡದ ಜಾರ್ಜ್ ಹ್ಯಾರಿಸನ್ ಅವರನ್ನು ನೋಡಿ. 1969ರಲ್ಲಿ ಲಂಡನ್ನಿನ ಇಸ್ಕಾನ್ ಭಕ್ತರ ಹರೇ ಕೃಷ್ಣ ಮಂತ್ರವನ್ನು ತಾವೇ ನಿಂತು ರೆಕಾರ್ಡ್ ಮಾಡಿಸಿದರು. ಅಲ್ಲಿ ಬೇಕಾಗಿದ್ದು ಅವರ ಕೆಲಸ, ಬರೀ ಮುಖ ಅಲ್ಲ. ನಾನೂ ಹಾಗೇ ಕೇಳುತ್ತೇನೆ. ನಟರಿಗೆ ಮಕ್ಕಳ ಶಿಬಿರದಲ್ಲಿ ನಾಟಕ ಕಲಿಸಲು ಹೇಳುತ್ತೇನೆ, ಗಾಯಕರಿಗೆ ವಚನಕ್ಕೆ ರಾಗ ಕೂಡಿಸಲು.

ಬರುವುದು ನಿಲ್ಲಿಸಿದವರಿಗೆ ಫೋನ್ ಮಾಡಲ್ಲ. ಹೊಸ ಸೀರಿಯಲ್ ಸಿಕ್ಕಿರುತ್ತದೆ, ಒಳ್ಳೆಯದೇ.

ಪ್ರತಿ ಮೀಟಿಂಗಿನಲ್ಲೂ ಅಧ್ಯಕ್ಷರು ಆ ಹಳೆ ಪಟ್ಟಿ ತೆಗೆಯುತ್ತಾರೆ. "ಹೀರೋ ಯಾವಾಗಪ್ಪಾ ಬರೋದು?" "ಅವರ ಮೇಕಪ್‌ನವರು ಬರ್ತಿದ್ದಾರೆ ಸರ್" ಅನ್ನುತ್ತೇನೆ.