ಹೊಂಗೆಗೆ ಕರಿದ ಎಣ್ಣೆ ಬೆರೆಸಿ ಬಯೋಡೀಸೆಲ್: ನನ್ನ ಅನುಭವ

ಹೊಂಗೆ ಎಣ್ಣೆಗೆ ಹೋಟೆಲಿನ ಕರಿದ ಎಣ್ಣೆ ಬೆರೆಸಿದರೆ ಡ್ರಮ್ಮಿನ ತುಂಬ ಸಾಬೂನು ಸಿಗುತ್ತದೆಯೇ ಹೊರತು ಇಂಧನವಲ್ಲ ಎಂದು ಈ ಕೆಲಸದಲ್ಲಿ ನನಗಿಂತ ಹಳಬರಾದವರೇ ಹೇಳಿದ್ದರು. ಈಗ ನಾಲ್ಕೈದು ವರ್ಷಗಳಿಂದ ಅರಸೀಕೆರೆ ಸೀಮೆಯ ನಮ್ಮ ರೈತರ ಗುಂಪಿನ ಟ್ರ್ಯಾಕ್ಟರ್, ಟಿಲ್ಲರ್, ಡೀಸೆಲ್ ಪಂಪುಗಳು ಅದೇ ಬೆರಕೆಯ ಬಯೋಡೀಸೆಲ್ ಕುಡಿದು ದುಡಿಯುತ್ತಿವೆ. ಡೀಸೆಲ್ಲಿಗೆ ಐದನೇ ಒಂದು ಪಾಲು ಬೆರೆಸಿ ಹಾಕುತ್ತೇವೆ. ಒಂದೇ ಒಂದು ಪಂಪನ್ನು ಪೂರ್ತಿ ಬಯೋಡೀಸೆಲ್ಲಿನಲ್ಲೇ ಓಡಿಸುತ್ತಿದ್ದೇನೆ. ಅದರ ನಾಜಲ್ ಬಿಚ್ಚಿ ನೋಡಿದ ಮೆಕ್ಯಾನಿಕ್ ಡೀಸೆಲ್ಲಿನದಕ್ಕಿಂತ ಚೊಕ್ಕಟವಾಗಿದೆ ಎಂದ.

ಬಯೋಡೀಸೆಲ್ ಘಟಕ ಹಾಕಿ ಬಾಗಿಲು ಮುಚ್ಚಿದವರನ್ನು ಹತ್ತಿರದಿಂದ ನೋಡಿದ್ದೇನೆ. ಬಹುಪಾಲು ಎಲ್ಲರೂ ಯಂತ್ರ ಮೊದಲು ಕೊಂಡರು, ಎಣ್ಣೆಯನ್ನು ಆಮೇಲೆ ಹುಡುಕಿದರು. ಕಾಡುಹರಳು ಎನ್ನುವ ಎಣ್ಣೆಬೀಜದ ಗಿಡ ಜತ್ರೋಫಾದ ಕಥೆ ನಮಗೆಲ್ಲ ಗೊತ್ತಿರುವುದೇ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಅದನ್ನೇ ನೆಚ್ಚಿಕೊಂಡು, 2011-12ರ ಹೊತ್ತಿಗೆ ಡೀಸೆಲ್ಲಿಗೆ ಶೇಕಡಾ 20ರಷ್ಟು ಬೆರಸುವ ಲೆಕ್ಕ ಹಾಕಿತ್ತು. ನಾನೂ ಬದುವಿನುದ್ದಕ್ಕೂ ನೆಟ್ಟೆ. ನೀರಿಲ್ಲದ ಬಂಜರಿನಲ್ಲಿ ಗಿಡವೇನೋ ಬದುಕುತ್ತದೆ, ಆದರೆ ಕಾಯಿ ಬಿಡಬೇಕಾದರೆ ಅದಕ್ಕೂ ನೀರು ಗೊಬ್ಬರ ಬೇಕು. ಇರುವಷ್ಟು ಕಾಯಿಯೂ ಒಟ್ಟಿಗೆ ಮಾಗುವುದಿಲ್ಲ. ಕಿತ್ತ ಕೂಲಿಯೂ ಹುಟ್ಟದೆ ಹೋಯಿತು, ಈಗ ಅದು ಬರೀ ಬೇಲಿ.

ಹೊಂಗೆ ಹಾಗಲ್ಲ. ಅದನ್ನು ಹೊಸದಾಗಿ ಯಾರೂ ನೆಡಬೇಕಾಗಿಲ್ಲ, ಅಜ್ಜಂದಿರು ನೆಟ್ಟದ್ದು ಹೊಲದ ಅಂಚಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ನೀರೆತ್ತಿಸಿದ್ದನ್ನು ಕೇಳಿ ಈ ದಾರಿಗೆ ಬಂದವನು ನಾನು. 2007ರಲ್ಲಿ ಹಾಸನದ ಬಳಿ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಶುರುವಾದ ಮೇಲೆ ಬೀಜ ಮಾರುವ ಮಾತು ಹಳ್ಳಿಹಳ್ಳಿಗೆ ತಲುಪಿತು. ಆದರೆ ಹೊಂಗೆಯೊಂದನ್ನೇ ನಂಬಿದರೆ ಎರಡು ಕಷ್ಟ. ಬೀಜ ಸಿಗುವುದು ಸಂಕ್ರಾಂತಿ ಕಳೆದ ಮೇಲೆ ಬೇಸಿಗೆಯ ಮೂರು ತಿಂಗಳು. ಉಳಿದ ಕಾಲ ಯಂತ್ರ ಸುಮ್ಮನೆ ನಿಲ್ಲುತ್ತದೆ, ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ಎರಡನೆಯದು ಆಮ್ಲ. ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರ ಹಾಕಿ ಕಲಕಿದರೆ ಬಯೋಡೀಸೆಲ್ ಮತ್ತು ಗ್ಲಿಸರಿನ್ ಬೇರೆಯಾಗುತ್ತವೆ; ಎಣ್ಣೆಯಲ್ಲಿ ಆಮ್ಲ ಹೆಚ್ಚಿದ್ದರೆ ಕ್ಷಾರ ಅದರೊಡನೆ ಸೇರಿ ಸಾಬೂನಾಗುತ್ತದೆ. ತೇವ ಹಿಡಿದ ಬೀಜದ ಎಣ್ಣೆಯಲ್ಲಿ ಮುಕ್ತ ಕೊಬ್ಬಿನಾಮ್ಲ ಶೇಕಡಾ 15 ದಾಟಿದ್ದನ್ನೂ ಕಂಡಿದ್ದೇನೆ. ಒಂದು ಮಳೆಗಾಲದಲ್ಲಿ ವ್ಯಾಪಾರಿಯೊಬ್ಬರಿಂದ ಕೊಂಡ ಎಣ್ಣೆ, ಗಂಧಕಾಮ್ಲ, ಮೆಥನಾಲ್ ಹಾಕಿ ಈ ಆಮ್ಲವನ್ನು ತಗ್ಗಿಸುವ ಹಂತ ಮುಗಿಸಿ ಪೊಟ್ಯಾಷ್ (ಗೊಬ್ಬರದ್ದಲ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ) ಹಾಕಿದ ಕಾಲು ಗಂಟೆಯೊಳಗೆ ಗಂಜಿಯಂತೆ ಗಟ್ಟಿಯಾಗಿ ಕಲಕುವ ಮೋಟಾರನ್ನೇ ಸುಟ್ಟಿತು. ಇನ್ನೂರು ಲೀಟರ್ ಎಣ್ಣೆ, ಅದರೊಳಗಿನ ಮೆಥನಾಲ್, ಮೋಟಾರ್ ಸುತ್ತಿಸಿದ್ದು ಎಲ್ಲ ಸೇರಿ ಇಪ್ಪತ್ತು ಸಾವಿರದ ಮೇಲೆ ಹೋಯಿತು.

ಹೀಗಾಗಿ ಹೆದ್ದಾರಿಯ ಹೋಟೆಲುಗಳ ಕಡೆ ತಿರುಗಿದೆ. 2018ರ ಜುಲೈಯಿಂದ, ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇಕಡಾ 25 ದಾಟಿದ ಎಣ್ಣೆಯಲ್ಲಿ ಮತ್ತೆ ಕರಿಯಬಾರದೆಂಬ ನಿಯಮ ಬಂದಿದೆ. ನಿಯಮವಿದ್ದರೂ ಹೋಟೆಲಿನ ಹಳೆಯ ಎಣ್ಣೆಗೆ ಗಿರಾಕಿಗಳಿದ್ದಾರೆ. “ನೀವು ಲೀಟರಿಗೆ ಐವತ್ತು ಎನ್ನುತ್ತೀರಿ ಸ್ವಾಮಿ, ಗಾಡಿಯವರು ಅರವತ್ತು ಕೊಡುತ್ತಾರಲ್ಲ” ಎಂದು ಒಬ್ಬ ಮಾಲೀಕರು ನೇರವಾಗಿಯೇ ಕೇಳಿದರು. ಆ ಅರವತ್ತರ ಎಣ್ಣೆ ಸಂಜೆ ನಮ್ಮ ಮಕ್ಕಳು ತಿನ್ನುವ ಬಜ್ಜಿ ಬೋಂಡಾದೊಳಗೆ ಹೋಗುತ್ತದೆ. ನಾನು ಬೆಲೆಯಲ್ಲಿ ಪೈಪೋಟಿಗೆ ಇಳಿಯಲಿಲ್ಲ. ಮುಚ್ಚಳವಿರುವ ಖಾಲಿ ಕ್ಯಾನ್ ನಾನೇ ಕೊಟ್ಟೆ, ವಾರಕ್ಕೊಮ್ಮೆ ತಪ್ಪದೆ ಹೋದೆ, ತೂಕ ಮಾಡಿದ ಕೂಡಲೇ ಹಣ ಎಣಿಸಿದೆ, ಚೀಟಿ ಬರೆದುಕೊಟ್ಟೆ. ತಪಾಸಣೆಗೆ ಬಂದವರಿಗೆ ತೋರಿಸಲು ಆ ಚೀಟಿ ಅವರಿಗೆ ಬೇಕಾಗಿತ್ತು. ವರ್ಷ ತುಂಬುವಷ್ಟರಲ್ಲಿ ಹನ್ನೆರಡೋ ಹದಿಮೂರೋ ಹೋಟೆಲುಗಳು ಕಾಯಂ ಆದವು.

ಕರಿದ ಎಣ್ಣೆಗೆ ಅದರದೇ ರೋಗಗಳಿವೆ. ನಮ್ಮ ಕಡೆ ಹೋಟೆಲುಗಳಲ್ಲಿ ಹೆಚ್ಚಾಗಿ ಬಳಸುವುದು ಪಾಮೋಲಿನ್. ಅದರಲ್ಲಿ ಚಳಿಗೆ ಬೇಗ ಹೆಪ್ಪುಗಟ್ಟುವ ಪಾಮಿಟಿಕ್ ಆಮ್ಲ ಶೇಕಡಾ 40ರ ಆಸುಪಾಸು. ಅದರಿಂದಷ್ಟೇ ಮಾಡಿದ ಬಯೋಡೀಸೆಲ್ ಧನುರ್ಮಾಸದ ಬೆಳಗಿನಲ್ಲಿ ಮಂಜುಗಟ್ಟಿ ಫಿಲ್ಟರ್ ಕಟ್ಟಿತು, ಟ್ರ್ಯಾಕ್ಟರ್ ಬಿಸಿಲೇರುವ ತನಕ ಅಲುಗಾಡಲಿಲ್ಲ. ಹೊಂಗೆಯಲ್ಲಿ ಅಷ್ಟು ಬೇಗ ಹೆಪ್ಪುಗಟ್ಟದ ಒಲೀಕ್ ಆಮ್ಲವೇ ಅರ್ಧದಷ್ಟು. ಎರಡನ್ನೂ ಬೆರೆಸಿದ ಮೇಲೆ ಚಳಿಯ ಕಾಟ ತಗ್ಗಿತು, ಆಮ್ಲದ ಸರಾಸರಿ ಇಳಿಯಿತು, ಯಂತ್ರಕ್ಕೆ ವರ್ಷವಿಡೀ ಕೆಲಸ ಸಿಕ್ಕಿತು. ನನ್ನ ಇಡೀ ಗೆಲುವು ಇದೇ.

ಬೆರೆಸುವುದು ಯಾವಾಗ ಎಂಬುದು ಮುಖ್ಯ. ಹಸಿ ಎಣ್ಣೆಗಳೆರಡನ್ನೂ ಒಂದೇ ಡ್ರಮ್ಮಿಗೆ ಸುರಿದರೆ ಹಳಬರು ಹೇಳಿದ್ದೇ ಆಗುತ್ತದೆ. ಹೊಂಗೆಗೆ ಗಂಧಕಾಮ್ಲದ ಹಂತವನ್ನು ಬೇರೆಯಾಗಿ ಮುಗಿಸಿ, ಒಂದು ರಾತ್ರಿ ನಿಲ್ಲಿಸಿ, ನೀರು ಬೆರೆತ ಮೆಥನಾಲ್ ಪದರವನ್ನು ತೆಗೆದು, ಆಮೇಲಷ್ಟೇ ಕರಿದ ಎಣ್ಣೆ ಸೇರಿಸುತ್ತೇನೆ. ಕರಿದ ಎಣ್ಣೆಯನ್ನು ಅದಕ್ಕೂ ಮೊದಲು ಬಟ್ಟೆಯಲ್ಲಿ ಸೋಸಿ, 60 ಡಿಗ್ರಿಗೆ ಕಾಯಿಸಿ, ತಳದ ನೀರು ಬಸಿದು, 110 ಡಿಗ್ರಿಗೆ ಏರಿಸಬೇಕು. ಒಣಗಿತೇ ಎಂದು ತಿಳಿಯಲು ಕಾದ ಬಾಣಲಿಗೆ ಅರ್ಧ ಚಮಚ ಬಿಟ್ಟು ನೋಡಿ. ಚಟಪಟ ಎಂದರೆ ಒಳಗೆ ನೀರಿದೆ. ಸದ್ದಿಲ್ಲದೆ ಹರಡಿದರೆ ಆಯಿತು. ಬೆರಕೆಗೆ ಟೈಟ್ರೇಷನ್ (ಬಣ್ಣ ತಿರುಗುವ ತನಕ ಕ್ಷಾರದ ದ್ರಾವಣ ಬಿಟ್ಟು ಆಮ್ಲ ಅಳೆಯುವ ಪರೀಕ್ಷೆ) ಮಾಡುವಾಗ, ಲೀಟರಿಗೆ ಒಂದು ಗ್ರಾಂ ಪೊಟ್ಯಾಷಿನ ದ್ರಾವಣದಲ್ಲಿ 4 ಮಿಲಿಲೀಟರಿನೊಳಗೆ ನಸುಗೆಂಪು ಬಂದು ನಿಂತರೆ ಮುಂದುವರಿಯುತ್ತೇನೆ. ಮೀರಿದರೆ ಹಿಂದಿನ ಬ್ಯಾಚಿನ ಗ್ಲಿಸರಿನ್ ಹಾಕಿ ಕಲಕುತ್ತೇನೆ, ಅದರಲ್ಲಿ ಉಳಿದ ಕ್ಷಾರ ಆಮ್ಲವನ್ನು ಎಳೆದುಕೊಳ್ಳುತ್ತದೆ. ಎಷ್ಟು ಗ್ಲಿಸರಿನ್, ಯಾವ ಬಿಸಿಯಲ್ಲಿ, ಎಷ್ಟು ಹೊತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಯಾವ ತಿಂಗಳಲ್ಲಿ ಹೊಂಗೆ ಎಷ್ಟು ಪಾಲು ಎಂಬುದನ್ನೂ ಅಷ್ಟೇ. ಅವೆರಡಕ್ಕೆ ನಾನು ತೆತ್ತ ಬೆಲೆ ದೊಡ್ಡದು.

ಬೀಜ ಕೊಳ್ಳುವಾಗ ಒಂದು ಹಿಡಿ ತೆಗೆದು ಮುರಿದು ನೋಡುತ್ತೇನೆ. ಪಟ್ಟೆಂದು ಮುರಿದು ಒಳಗೆ ತಿಳಿಯಾಗಿದ್ದರೆ ಪೂರ್ತಿ ಬೆಲೆ, ಬಾಗಿ ಕಪ್ಪಾಗಿದ್ದರೆ ಕಿಲೋಗೆ ಆರೇಳು ರೂಪಾಯಿ ಕಡಿತ. ಕಾಯಿ ಆಯ್ದು ಬಡಿದು ತರುವ ಹೆಂಗಸರಿಗೆ ಹೀಗೆಂದು ಒಂದು ಹಂಗಾಮು ತಿಳಿಹೇಳಿದ್ದು ಸಾಕಾಯಿತು. ಮರುವರ್ಷ ಅಂಗಳದಲ್ಲಿ ಎರಡು ಮೂರು ಬಿಸಿಲು ಕಾಯಿಸಿಯೇ ತಂದರು. ಅದೊಂದರಿಂದಲೇ ಗಂಧಕಾಮ್ಲದ ಖರ್ಚು ಅರ್ಧಕ್ಕಿಳಿಯಿತು.

ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ನಾಲ್ಕು ಕಿಲೋ ಬೀಜಕ್ಕೆ ಎಕ್ಸ್‌ಪೆಲ್ಲರಿನಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ಎಣ್ಣೆ, ಮೂರು ಕಿಲೋ ಹಿಂಡಿ. ಬೀಜಕ್ಕೆ 110 ರೂಪಾಯಿ ಹೋದರೆ ಹಿಂಡಿಯಿಂದ ಐವತ್ತರಷ್ಟು ವಾಪಸು. ತೆಂಗು ಅಡಿಕೆ ತೋಟದವರು ಹಿಂಡಿಗೆ ಮುಂಗಡ ಕೊಡುತ್ತಾರೆ. ಹಿಂಡಿಯ ಮಾರುಕಟ್ಟೆಯಿಲ್ಲದ ಊರಿನಲ್ಲಿ ಹೊಂಗೆ ಅರೆಯುವ ಗೋಜಿಗೇ ಹೋಗಬೇಡಿ. ಬೆರಕೆ ಎಣ್ಣೆ ಲೀಟರಿಗೆ 55, ಮೆಥನಾಲ್ ಪೊಟ್ಯಾಷ್ 10, ವಿದ್ಯುತ್ತು ಕೂಲಿ ಎಂಟೋ ಒಂಬತ್ತೋ. ಡೀಸೆಲ್ ಎಂಬತ್ತೇಳರ ಸುತ್ತ ಇದ್ದಾಗ ನಮಗೆ ಲೀಟರಿಗೆ ಹದಿಮೂರು ಹದಿನಾಲ್ಕು ಉಳಿಯಿತು. ಇದು ಗುಂಪಿನ ಸ್ವಂತ ಬಳಕೆಯ ಲೆಕ್ಕ. ಹೊರಗೆ ಮಾರುವುದಕ್ಕೆ ಬೇರೆ ಅನುಮತಿ, ಬೇರೆ ಪರೀಕ್ಷೆಗಳಿವೆ, ಅದಕ್ಕೆ ನಾನು ಕೈಹಾಕಿಲ್ಲ.

ಬಯೋಡೀಸೆಲ್ ಹಳೆಯ ಟ್ಯಾಂಕಿನ ಕೊಳೆಯನ್ನೆಲ್ಲ ಕರಗಿಸಿ ತರುತ್ತದೆ. ಮೊದಲ ಎರಡು ಮೂರು ಸಲ ತುಂಬಿಸಿದಾಗ ಫಿಲ್ಟರ್ ಬದಲಿಸಲು ತಯಾರಿರಿ. ಹಳೆಯ ರಬ್ಬರ್ ಪೈಪು ಉಬ್ಬಿ ಸೋರುತ್ತದೆ, ಅದನ್ನೂ ಬದಲಿಸಿ. ಮೆಥನಾಲ್ ವಿಷವಷ್ಟೇ ಅಲ್ಲ, 65 ಡಿಗ್ರಿಯೊಳಗೇ ಕುದಿಯುತ್ತದೆ. ನನ್ನ ಶೆಡ್ಡಿಗೆ ಮೂರು ಕಡೆ ಗೋಡೆಯಿಲ್ಲ, ಬೀಡಿ ಸೇದುವವರಿಗೆ ಒಳಗೆ ಪ್ರವೇಶವೂ ಇಲ್ಲ.

ನಡುವೆ ಪಾಚಿಯನ್ನೂ ಬೆಳೆಸಿದೆ. ಸಿಮೆಂಟ್ ತೊಟ್ಟಿಯಲ್ಲಿ ಹಸಿರೇನೋ ಕಣ್ತುಂಬ ಬಂತು. ಅದನ್ನು ನೀರಿನಿಂದ ಬೇರ್ಪಡಿಸಿ ಒಣಗಿಸಿದಾಗ ಕೈಗೆ ಸಿಕ್ಕಿದ್ದು ಎರಡು ಮೊರದಷ್ಟು ಪುಡಿ, ಎಣ್ಣೆಯ ಮಾತು ದೂರವೇ ಉಳಿಯಿತು. ತೊಟ್ಟಿಯಲ್ಲಿ ಈಗ ಅಜೋಲಾ ಇದೆ, ಹಸುಗಳಿಗೆ. ಮಾರಾಟವಾಗದ ಪುಡಿ ಹಿಂಡಿಯನ್ನು ಸಗಣಿಯ ಜೊತೆ ಗೋಬರ್ ಗ್ಯಾಸಿಗೆ ಹಾಕಿದ್ದು ಮಾತ್ರ ಚೆನ್ನಾಗಿ ಫಲಿಸಿತು; ಎಣ್ಣೆ ಕಾಯಿಸುವ ಒಲೆ ಈಗ ಬಹುಮಟ್ಟಿಗೆ ಅದರಲ್ಲೇ ಉರಿಯುತ್ತದೆ.

ಈ ವರ್ಷ ಕರಾವಳಿಯಿಂದ ಸುರಹೊನ್ನೆ ಬೀಜ ತರಿಸಿದ್ದೇನೆ. ಎಣ್ಣೆ ಕಡುಹಸಿರು, ಅಂಟು ಬಹಳ, ಆಮ್ಲವಂತೂ ಹೊಂಗೆಯನ್ನು ಮೀರಿಸುತ್ತದೆ. ಅಂಟು ತೆಗೆಯದೆ ಮುಂದುವರಿದ ಮೊದಲ ಬ್ಯಾಚು ಪದರವಾಗಿ ಒಡೆಯಲೇ ಇಲ್ಲ. ಈಗ ಫಾಸ್ಫಾರಿಕ್ ಆಮ್ಲ ಹಾಕಿ ಅಂಟು ಇಳಿಸಿ ನೋಡುತ್ತಿದ್ದೇನೆ, ಬಣ್ಣ ತಿಳಿಯಾಗಿದೆ. ಇದರಲ್ಲಿ ಮುಂದೆ ಹೋದವರಿದ್ದರೆ ಶೆಡ್ಡಿಗೆ ಬನ್ನಿ. ಬರುವಾಗ ನಿಮ್ಮ ಎಣ್ಣೆ ಒಂದು ಲೀಟರ್ ತನ್ನಿ, ನನ್ನದರ ಪಕ್ಕದಲ್ಲಿಟ್ಟು ಟೈಟ್ರೇಷನ್ ಮಾಡೋಣ.